ಹೊಲಕ್ಕೊಂದು ದೀಪ, ತಿಪ್ಪೆಗೊಂದು ದೀಪ: ನಮ್ಮ ದೀಪಾವಳಿ ಯಾರಿಗಾಗಿ?

"ಹೊಲಿ ಕೊಟ್ರೋ… ಬಲಿ ತಕಂಡ್ರೋ… ಬಲೀಂದ್ರ ದೇವ್ರು ತಮ್ಮ ರಾಜ್ಯ ತಾವೇ ಆಳ್ಕಂಡ್ರೋ… ಕೂ… ಕೂ… ಕೂ…"

ಬಲಿಪಾಡ್ಯಮಿಯ ಸಂಜೆ ಕುಂದಾಪುರದ ಕಡೆಯ ಗದ್ದೆಗಳಲ್ಲಿ ಕೇಳುವ ಕೂಗು ಇದು. ಕತ್ತಲಾಗುವ ಹೊತ್ತಿಗೆ ಮನೆಯವರೆಲ್ಲ ಗದ್ದೆಗೆ ಇಳಿಯುತ್ತಾರೆ. ಕೋಲಿನ ತುದಿಗೆ ಬಟ್ಟೆ ಸುತ್ತಿ, ಎಣ್ಣೆಯಲ್ಲಿ ಅದ್ದಿ, ಹಚ್ಚಿ, ಗದ್ದೆಯ ಅಂಚಿನ ಮಣ್ಣಿಗೆ ಊರುತ್ತಾರೆ. ಪಕ್ಕದಲ್ಲಿ ಒಂದಿಷ್ಟು ಹೂವು, ಒಂದು ಹಿಡಿ ಅವಲಕ್ಕಿ. ಆಮೇಲೆ ಈ ಕೂಗು. ಒಂದು ಗದ್ದೆಯಲ್ಲಿ ಕೂಗಿದರೆ ಪಕ್ಕದ ಗದ್ದೆಯವರು ಓಗೊಡುತ್ತಾರೆ. ಅದು ಅಲ್ಲಿಂದ ಇನ್ನೊಂದು ಗದ್ದೆಗೆ ಹೋಗುತ್ತದೆ. ಸ್ವಲ್ಪ ಹೊತ್ತಲ್ಲಿ ಬಯಲಿಡೀ ಪುಟ್ಟ ಪುಟ್ಟ ಬೆಂಕಿಯ ಚುಕ್ಕಿಗಳು.

ಹೊಲಿ ಅಂದರೆ ಸಮೃದ್ಧಿ, ಬೆಳೆ ಉಕ್ಕಿ ಬರುವುದು. ತುಳುವಿನಲ್ಲಿ ಅದೇ ಪೊಲಿ. ಬಲೀಂದ್ರ ಅಂದರೆ ಬಲಿ ಚಕ್ರವರ್ತಿ. ನಾನು ಇನ್ನೂ ಚಿಕ್ಕವನಿದ್ದಾಗ ಅಜ್ಜಯ್ಯನ ಕೈ ಹಿಡಿದುಕೊಂಡು ಗದ್ದೆಯಲ್ಲಿ ನಿಂತು, ಬಲೀಂದ್ರ ಅಂದ್ರೆ ಯಾರು ಅಂತ ಕೇಳಿದ್ದೆ. "ನಮ್ ರಾಜ. ವರ್ಷಕ್ಕೊಂದ್ ಸಲ ಗದ್ದೆ ಕಾಂಬುಕೆ ಬತ್ರ್" ಅಂದರು ಅಜ್ಜಯ್ಯ. ಗದ್ದೆ ನೋಡಲು ಬರುತ್ತಾರೆ ಅಂತ. ಅಷ್ಟೇ. ಪಕ್ಕದ ಮನೆಯವರ ಬಗ್ಗೆ ಹೇಳಿದಷ್ಟೇ ಸಹಜವಾಗಿ.

ದೊಡ್ಡವನಾದ ಮೇಲೆ ಒಂದು ಪ್ರಶ್ನೆ ಕಾಡಲು ಶುರುವಾಯಿತು. ಬಲಿಯನ್ನು ಪಾತಾಳಕ್ಕೆ ತುಳಿದವನು ವಾಮನ, ಅಂದರೆ ವಿಷ್ಣು. ಅಜ್ಜಯ್ಯ ದಿನಾ ಪೂಜೆ ಮಾಡುತ್ತಿದ್ದದ್ದು ಅದೇ ವಿಷ್ಣುವಿಗೆ. ದೇವರ ಕೈಯಲ್ಲಿ ಸೋತ ರಾಜನನ್ನು ದೇವರ ಭಕ್ತರೇ ಕೂಗಿ ಕೂಗಿ ಕರೆಯುವುದು ಯಾಕೆ? ಇದಕ್ಕೆ ಉತ್ತರ ಹುಡುಕುತ್ತಾ ಹೋದಂತೆ ದೀಪಾವಳಿಯೇ ಬೇರೆ ತರ ಕಾಣತೊಡಗಿತು. "ಕತ್ತಲೆಯ ಮೇಲೆ ಬೆಳಕಿನ ಜಯ" ಎಂಬ ಮಾತು ತಪ್ಪಲ್ಲ. ಆದರೆ ಅದರಿಂದ ನಮ್ಮೂರುಗಳ ದೀಪಾವಳಿ ಪೂರ್ತಿ ಅರ್ಥವಾಗುವುದಿಲ್ಲ. ಈ ಹಬ್ಬವನ್ನು ತಿಳಿಯಲು ಸುಲಭದ ದಾರಿ ಒಂದಿದೆ. ಪ್ರತಿ ದಿನ, ಪ್ರತಿ ದೀಪದ ಮುಂದೆ ನಿಂತು ಕೇಳಬೇಕು: ಈ ದೀಪ ಯಾರಿಗೆ?

ಮೊದಲು ದಿನಗಳ ಗೊಂದಲ ಬಿಡಿಸೋಣ

ಪ್ರತಿ ವರ್ಷ ಮನೆಮನೆಯಲ್ಲೂ ಇದೇ ಚರ್ಚೆ. ಹಬ್ಬ ಇವತ್ತೋ, ನಾಳೆಯೋ? 2024ರಲ್ಲಂತೂ ಈ ಗೊಂದಲ ಜೋರಾಗಿತ್ತು. ಅಕ್ಟೋಬರ್ 31ಕ್ಕೆ ನರಕ ಚತುರ್ದಶಿ, ನವೆಂಬರ್ 2ಕ್ಕೆ ಬಲಿಪಾಡ್ಯಮಿ. ಮಧ್ಯದ ನವೆಂಬರ್ 1 ರಾಜ್ಯೋತ್ಸವ. ಹಾಗಾದರೆ ಲಕ್ಷ್ಮಿ ಪೂಜೆ ಯಾವತ್ತು? ಕೆಲವರು 31ರ ಸಂಜೆ ಮಾಡಿದರು, ಕೆಲವರು 1ರ ಸಂಜೆ.

ಇದರಲ್ಲಿ ಪಂಚಾಂಗದವರ ತಪ್ಪೇನೂ ಇಲ್ಲ. ತಿಥಿ ಅಂದರೆ ಗಡಿಯಾರದ ದಿನ ಅಲ್ಲ. ಆಕಾಶದಲ್ಲಿ ಚಂದ್ರ ಸೂರ್ಯನಿಂದ 12 ಡಿಗ್ರಿ ಮುಂದೆ ಸರಿದರೆ ಒಂದು ತಿಥಿ ಮುಗಿಯಿತು ಅಂತ ಲೆಕ್ಕ. ಚಂದ್ರ ಒಂದೇ ವೇಗದಲ್ಲಿ ಸಾಗುವುದಿಲ್ಲ. ಭೂಮಿಗೆ ಹತ್ತಿರ ಬಂದಾಗ ಬೇಗ, ದೂರ ಹೋದಾಗ ನಿಧಾನ. ಹಾಗಾಗಿ ಒಂದು ತಿಥಿ ಸುಮಾರು 19 ಗಂಟೆಗೂ ಮುಗಿಯಬಹುದು, 26 ಗಂಟೆಗೂ ಎಳೆಯಬಹುದು. 2024ರಲ್ಲಿ ಅಮಾವಾಸ್ಯೆ ಶುರುವಾದದ್ದು ಅಕ್ಟೋಬರ್ 31ರ ಮಧ್ಯಾಹ್ನದ ಮೇಲೆ. ಮುಗಿದದ್ದು ಮರುದಿನ ಸಂಜೆ. 2025ರಲ್ಲೂ ಹೆಚ್ಚುಕಡಿಮೆ ಅದೇ ಕಥೆ. ಅಕ್ಟೋಬರ್ 20ರ ಮಧ್ಯಾಹ್ನದ ಮೇಲೆ ಶುರು, 21ರ ಸಂಜೆ ಮುಕ್ತಾಯ.

ಇನ್ನೊಂದು ವಿಷಯವನ್ನು ಗಮನಿಸಬೇಕು. ಹಬ್ಬದ ಪ್ರತಿ ಆಚರಣೆಗೂ ಅದರದ್ದೇ ಹೊತ್ತು ಇದೆ. ಎಣ್ಣೆ ಸ್ನಾನಕ್ಕೆ ಬೆಳಗಿನ ಜಾವ ಚತುರ್ದಶಿ ಇರಬೇಕು. ಲಕ್ಷ್ಮಿ ಪೂಜೆಗೆ ಮುಸ್ಸಂಜೆಯಲ್ಲಿ ಅಮಾವಾಸ್ಯೆ ಇರಬೇಕು. ಪಾಡ್ಯದ ಪೂಜೆಗೆ ಸಾಮಾನ್ಯವಾಗಿ ಬೆಳಗ್ಗೆ ಸೂರ್ಯ ಹುಟ್ಟುವಾಗ ಪಾಡ್ಯ ಇರಬೇಕು. ಅದಕ್ಕೇ ಕೆಲವು ವರ್ಷ ಬೆಳಗ್ಗೆ ಎಣ್ಣೆ ಸ್ನಾನ, ಅದೇ ಸಂಜೆ ಲಕ್ಷ್ಮಿ ಪೂಜೆ ಒಟ್ಟೊಟ್ಟಿಗೆ ಬರುತ್ತವೆ. ಕೆಲವು ವರ್ಷ ನಡುವೆ ಒಂದು ದಿನ ಖಾಲಿ ಉಳಿಯುತ್ತದೆ. ಎರಡು ಮನೆಯವರು ಎರಡು ದಿನ ಮಾಡಿದರೆ ಜಗಳ ಬೇಡ. ಇಬ್ಬರ ಲೆಕ್ಕಕ್ಕೂ ಆಧಾರ ಇರುತ್ತದೆ.

ನಮ್ಮ ಲೆಕ್ಕದಲ್ಲಿ ಆಶ್ವಯುಜ ಮಾಸದ ಬಹುಳ ತ್ರಯೋದಶಿಗೆ ಹಬ್ಬ ಶುರು. ಚತುರ್ದಶಿ, ಅಮಾವಾಸ್ಯೆ ದಾಟಿ ಕಾರ್ತಿಕದ ಪಾಡ್ಯಕ್ಕೆ ಬಂದು, ಬಿದಿಗೆಗೆ ಮುಗಿಯುತ್ತದೆ. ಅಂದರೆ ಒಂದು ತಿಂಗಳ ಬಾಲ, ಇನ್ನೊಂದು ತಿಂಗಳ ತಲೆ. ಮಳೆಗಾಲ ಹಿಂದೆ ಸರಿದಿರುತ್ತದೆ. ಭತ್ತ ತೆನೆ ತುಂಬಿ ಬಾಗಿರುತ್ತದೆ. ಬಾವಿಯಲ್ಲಿ ನೀರು ಕೈಗೆಟುಕುವಷ್ಟು ಮೇಲೆ ಇರುತ್ತದೆ. ಈ ಕಾಲವನ್ನು ತಲೆಯಲ್ಲಿಟ್ಟುಕೊಂಡರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ಹಂಡೆಗೆ ಮೊದಲ ಪೂಜೆ

ತ್ರಯೋದಶಿ ಅಂದರೆ ಈಗ ಚಿನ್ನದ ಅಂಗಡಿಯ ಜಾಹೀರಾತು ನೆನಪಾಗುತ್ತದೆ. ಧನತ್ರಯೋದಶಿಗೆ ಚಿನ್ನ ಕೊಳ್ಳುವುದು ಉತ್ತರದ ಕಡೆ ಹಳೆಯ ವಾಡಿಕೆ. ನಮ್ಮ ಕಡೆ ಈ ದಿನದ ಹೆಸರೇ ಬೇರೆ. ನೀರು ತುಂಬುವ ಹಬ್ಬ. ನನಗೆ ಇಡೀ ದೀಪಾವಳಿಯಲ್ಲಿ ಅತಿ ಇಷ್ಟವಾದ ದಿನ ಇದೇ.

ಬಚ್ಚಲುಮನೆಯ ತಾಮ್ರದ ಹಂಡೆಯನ್ನು ಒಲೆಯಿಂದ ಇಳಿಸುತ್ತಾರೆ. ವರ್ಷವಿಡೀ ಬೆಂಕಿ ತಿಂದು ಅದರ ತಳ ಕಾಡಿಗೆಯಾಗಿರುತ್ತದೆ. ಕುತ್ತಿಗೆಯ ಸುತ್ತ ಹಸಿರು ಕಿಲುಬು. ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಿಡಿದು ತಿಕ್ಕಲು ಕೂತರೆ ಅರ್ಧ ದಿನ ಬೇಕು. ಮೊದಲು ಏನೂ ಆಗುವುದಿಲ್ಲ ಅನ್ನಿಸುತ್ತದೆ. ಆಮೇಲೆ ಒಂದು ಜಾಗದಲ್ಲಿ ರೂಪಾಯಿ ಅಗಲ ಕೆಂಪು ಕಾಣುತ್ತದೆ. ಅದು ಕಂಡಿತೋ, ಕೈ ನಿಲ್ಲುವುದೇ ಇಲ್ಲ. ಸಂಜೆ ಹೊತ್ತಿಗೆ ಹಂಡೆ ಈಗಷ್ಟೇ ಕುಲುಮೆಯಿಂದ ಬಂದ ಹಾಗೆ ಹೊಳೆಯುತ್ತದೆ. ಅದಕ್ಕೆ ಸುಣ್ಣದ ಪಟ್ಟೆ, ಕೆಮ್ಮಣ್ಣಿನ ಚುಕ್ಕಿ, ಅರಿಶಿನ ಕುಂಕುಮ. ಕುತ್ತಿಗೆಗೆ ಹೂವಿನ ಮಾಲೆ. ಕರಾವಳಿ ಕಡೆ ಹಿಂಡ್ಲೆಕಾಯಿ ಅಂತ ಒಂದು ಕಹಿ ಕಾಡುಕಾಯಿ ಇದೆ. ಅದರ ಬಳ್ಳಿಯನ್ನೇ ತಂದು ಸುತ್ತುತ್ತಾರೆ. ಬಾವಿಗೂ ಪೂಜೆ ಮಾಡಿ, ಕೆಲವು ಮನೆಗಳಲ್ಲಿ ಜಾಗಟೆ ಬಾರಿಸುತ್ತಾ, ಹೊಸ ನೀರು ಸೇದಿ ಹಂಡೆ ತುಂಬುತ್ತಾರೆ.

ಯೋಚನೆ ಮಾಡಿ. ವರ್ಷದ ದೊಡ್ಡ ಹಬ್ಬ ಶುರುವಾಗುವುದು ದೇವರ ಕೋಣೆಯಲ್ಲಿ ಅಲ್ಲ, ಬಚ್ಚಲುಮನೆಯಲ್ಲಿ. ದಿನಾ ಬಿಸಿನೀರು ಕೊಟ್ಟ ಪಾತ್ರೆಗೆ, ದಿನಾ ನೀರು ಕೊಟ್ಟ ಬಾವಿಗೆ ಮೊದಲ ಕೈಮುಗಿತ. ಬಾವಿ ಹೋಗಿ ಬೋರ್‌ವೆಲ್ ಬಂತು, ಹಂಡೆ ಹೋಗಿ ಗೀಸರ್ ಬಂತು. ಆದರೂ ಎಷ್ಟೋ ಮನೆಗಳಲ್ಲಿ ಈಗಲೂ ಒಂದು ಬಕೆಟ್ಟಿಗೋ ಕೊಡಕ್ಕೋ ಅರಿಶಿನ ಕುಂಕುಮ ಹಚ್ಚಿ ನೀರು ತುಂಬುತ್ತಾರೆ. ನನಗೆ ಅದು ಕಡಿಮೆ ಅಂತ ಅನ್ನಿಸುವುದಿಲ್ಲ.

ಅದೇ ಸಂಜೆ ಮನೆಯ ಹೊರಗೆ ತೆಂಕು ದಿಕ್ಕಿಗೆ ಮುಖ ಮಾಡಿ ಒಂದು ದೀಪ ಇಡುವ ಪದ್ಧತಿ ಇದೆ. ಅದು ಯಮನಿಗೆ. ಮನೆಯಲ್ಲಿ ಅಕಾಲದ ಸಾವು ಬಾರದಿರಲಿ ಅಂತ. ಹಬ್ಬದ ಮೊದಲ ದೀಪ ಸಾವಿನ ದೇವರಿಗೆ ಸಲ್ಲುತ್ತದೆ.

ಎಣ್ಣೆ ಸ್ನಾನದ ಬೆಳಗು

ಮರುದಿನ ನರಕ ಚತುರ್ದಶಿ. ಬೆಳಗಿನ ಜಾವ ನಾಲ್ಕಕ್ಕೆಲ್ಲ ಮಕ್ಕಳನ್ನು ಎಬ್ಬಿಸಿ ಮಣೆಯ ಮೇಲೆ ಕೂರಿಸುತ್ತಾರೆ. ಅಮ್ಮನೋ ಅಜ್ಜಿಯೋ ನೆತ್ತಿಗೆ ಎಣ್ಣೆ ಒತ್ತಿ, ಆರತಿ ಎತ್ತುತ್ತಾರೆ. ಆಮೇಲೆ ಸೀಗೆಪುಡಿ, ಸುಡುಸುಡು ನೀರು. ಹೊರಗೆ ಇನ್ನೂ ಕತ್ತಲು. ಹಿಂದಿನ ದಿನ ತಿಕ್ಕಿದ ಹಂಡೆಯ ನೀರು ಅದು. ಈ ದಿನ ಎಣ್ಣೆಯಲ್ಲಿ ಲಕ್ಷ್ಮಿ, ನೀರಿನಲ್ಲಿ ಗಂಗೆ ಇರುತ್ತಾಳೆ ಎಂಬ ನಂಬಿಕೆ.

ಕಥೆ ಎಲ್ಲರಿಗೂ ಗೊತ್ತಿರುವುದೇ. ನರಕಾಸುರ ಪ್ರಾಗ್ಜ್ಯೋತಿಷದ ರಾಜ. ದೇವಮಾತೆ ಅದಿತಿಯ ಓಲೆ ಕಿತ್ತುಕೊಂಡವನು, ಹದಿನಾರು ಸಾವಿರ ಹೆಣ್ಣುಮಕ್ಕಳನ್ನು ಸೆರೆಯಲ್ಲಿಟ್ಟವನು. ಕೃಷ್ಣ ಸತ್ಯಭಾಮೆಯ ಜೊತೆ ಹೋಗಿ ಅವನನ್ನು ಕೊಂದ. ಸೆರೆಯಲ್ಲಿದ್ದವರನ್ನು ಬಿಡಿಸಿದ. ಈ ಕಥೆಯಲ್ಲಿ ನಾವು ಬೇಗ ದಾಟಿಬಿಡುವ ಒಂದು ಎಳೆ ಇದೆ. ನರಕ ಭೂದೇವಿಯ ಮಗ. ವರಾಹನಿಂದ ಹುಟ್ಟಿದವನು. ಅಂದರೆ ವಿಷ್ಣುವಿನ ಮಗನೇ. ಸಾಯುವಾಗ ತನ್ನ ನೆನಪಲ್ಲಿ ಜನ ಈ ದಿನ ಎಣ್ಣೆ ಸ್ನಾನ ಮಾಡಿ ಸಂತೋಷವಾಗಿರಲಿ ಅಂತ ವರ ಕೇಳಿದ ಅಂತ ಹೇಳುತ್ತಾರೆ. ಕೆಟ್ಟವನು ಸತ್ತ ದಿನ. ಆದರೂ ದಿನಕ್ಕೆ ಅವನದೇ ಹೆಸರು, ಅವನು ಕೇಳಿದ್ದೇ ಆಚರಣೆ.

ಅಮಾವಾಸ್ಯೆ

ಲಕ್ಷ್ಮಿ ಪೂಜೆಯ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಹುಬ್ಬಳ್ಳಿ, ಗದಗ, ವಿಜಯಪುರದ ಪೇಟೆಗಳಲ್ಲಿ ಆ ಸಂಜೆ ಓಡಾಡಿದವರಿಗೆ ಗೊತ್ತು. ಪ್ರತಿ ಅಂಗಡಿ ಬಾಗಿಲಿಗೆ ಕಬ್ಬು, ಬಾಳೆಕಂಬ, ಚೆಂಡು ಹೂವಿನ ಮಾಲೆ. ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ. ಹಳೇ ಮೈಸೂರು ಕಡೆ, ಕೋಲಾರದ ಕಡೆ ಎಷ್ಟೋ ಮನೆಗಳಲ್ಲಿ ಇದೇ ಹೊತ್ತಿಗೆ ಕೇದಾರೇಶ್ವರ ವ್ರತ. ನೋಮು ಅಂತಲೂ ಕರೆಯುತ್ತಾರೆ. ಆ ಮನೆಗಳಲ್ಲಿ ಕಜ್ಜಾಯದ ಪಾಕ ಹದಕ್ಕೆ ಬಂತಾ ಇಲ್ಲವಾ ಎಂಬುದೇ ಎರಡು ದಿನದ ಮಾತು.

ಈ ರಾತ್ರಿಯ ದೀಪ ಲಕ್ಷ್ಮಿಗೆ ಮಾತ್ರ ಅಂದುಕೊಂಡರೆ ಅರ್ಧ ಸತ್ಯ. ಮಹಾಲಯಕ್ಕೆ ಬಂದ ಹಿರಿಯರು ಮರಳಿ ಹೋಗುವ ದಾರಿಗೆ ಬೆಳಕು ಹಿಡಿಯಬೇಕು ಅಂತ ಶಾಸ್ತ್ರದಲ್ಲೇ ಇದೆ. ಅದಕ್ಕೇ ಪಂಜು ಹಚ್ಚುವುದು, ಕಾರ್ತಿಕವಿಡೀ ಎತ್ತರದ ಕಂಬಕ್ಕೆ ಆಕಾಶದೀಪ ಕಟ್ಟುವುದು. ಕರಾವಳಿಯ ಮನೆಗಳ ಮುಂದೆ ತೂಗುವ ಗೂಡುದೀಪ ಇದರದ್ದೇ ಬಂಧು. ಬಣ್ಣದ ಕಾಗದದ ಆ ಗೂಡನ್ನು ನೋಡಿದಾಗಲೆಲ್ಲ ನನಗೆ ಇಲ್ಲದವರ ನೆನಪಾಗುತ್ತದೆ.

ಲಂಬಾಣಿ ತಾಂಡಾಗಳಿಗೆ ಹೋದರೆ ಇದೇ ರಾತ್ರಿ ಇನ್ನೊಂದು ಬಗೆಯ ಬೆಳಕು. ಅಲ್ಲಿ ಹಬ್ಬದ ಹೆಸರು ದವಾಳಿ. ಮದುವೆಯಾಗದ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ ಹಿರಿಯರಿಗೆ ಬೆಳಗುತ್ತಾರೆ. ಹಾಡಿ ಹಾರೈಸುತ್ತಾರೆ. ಇದಕ್ಕೆ ಮೇರಾ ಅನ್ನುತ್ತಾರೆ. ಮರುದಿನ ಅದೇ ಹುಡುಗಿಯರು ಗುಂಪಾಗಿ ಕಾಡಿಗೆ ಹೋಗಿ ಹೂವು ತರುತ್ತಾರೆ. ಮುಂದಿನ ವರ್ಷ ಅವರಲ್ಲಿ ಯಾರ್ಯಾರು ಮದುವೆಯಾಗಿ ಬೇರೆ ತಾಂಡಾದಲ್ಲಿರುತ್ತಾರೋ ಗೊತ್ತಿಲ್ಲ. ಆ ಹಾಡುಗಳಲ್ಲಿ ಹಾರೈಕೆಯ ಜೊತೆ ಅಗಲಿಕೆಯೂ ಕೇಳಿಸುತ್ತದೆ.

ಸೋತ ರಾಜನ ದಿನ

ಈಗ ಬಲೀಂದ್ರನ ಹತ್ತಿರ ಬರೋಣ.

ಬಲಿ ಪ್ರಹ್ಲಾದನ ಮೊಮ್ಮಗ, ವಿರೋಚನನ ಮಗ. ಮೂರು ಲೋಕ ಗೆದ್ದವನು. ಕೊಡುಗೈ ದೊರೆ. ಅವನು ಯಾಗ ಮಾಡುತ್ತಿದ್ದಾಗ ಕುಳ್ಳ ವಟು ಒಬ್ಬ ಬಂದು ಮೂರು ಹೆಜ್ಜೆ ನೆಲ ಕೇಳುತ್ತಾನೆ. ಬಂದವನು ವಿಷ್ಣು, ಕೊಡಬೇಡ ಅಂತ ಗುರು ಶುಕ್ರಾಚಾರ್ಯ ಎಚ್ಚರಿಸುತ್ತಾನೆ. ಬಲಿ ಕೇಳುವುದಿಲ್ಲ. ಕೊಟ್ಟ ಮಾತು ಕೊಟ್ಟದ್ದೇ. ಎರಡು ಹೆಜ್ಜೆಗೆ ಭೂಮಿ, ಆಕಾಶ ಮುಗಿಯುತ್ತವೆ. ಮೂರನೆಯದಕ್ಕೆ ಬಲಿ ತಲೆ ಒಡ್ಡುತ್ತಾನೆ.

ಇಲ್ಲಿ ಗಮನಿಸಬೇಕಾದದ್ದು ಇಷ್ಟು. ಬಲಿ ಮಾಡಿದ ತಪ್ಪೇನು ಅಂತ ಕೇಳಿದರೆ ಪುರಾಣವೂ ಗಟ್ಟಿಯಾಗಿ ಉತ್ತರಿಸುವುದಿಲ್ಲ. ದೇವತೆಗಳ ರಾಜ್ಯ ಗೆದ್ದ, ಅಷ್ಟೇ. ಭಾಗವತದಲ್ಲಿ ವಿಷ್ಣು ಅವನನ್ನು ಪಾತಾಳ ಲೋಕಗಳಲ್ಲಿ ಒಂದಾದ ಸುತಲಕ್ಕೆ ಕಳಿಸಿ, ತಾನೇ ಅವನ ಬಾಗಿಲು ಕಾಯುತ್ತಾನೆ. ಗೆದ್ದ ದೇವರು ಸೋತವನ ಬಾಗಿಲಿಗೆ ಕಾವಲು! ಅಜ್ಜಯ್ಯನಿಗೆ ವಿಷ್ಣುವಿನ ಪೂಜೆಗೂ ಬಲೀಂದ್ರನ ಕೂಗಿಗೂ ನಡುವೆ ಯಾವ ತಕರಾರೂ ಕಾಣದಿದ್ದದ್ದು ಯಾಕೆ ಅಂತ ಈ ಮಾತು ಓದಿದಾಗ ನನಗೆ ಹೊಳೆಯಿತು.

ಇದು ನಮ್ಮ ಗದ್ದೆಗಳ ಕಥೆ ಮಾತ್ರವೂ ಅಲ್ಲ. ಸುಮಾರು 1030ರಲ್ಲಿ ಭಾರತದ ಬಗ್ಗೆ ಬರೆದ ಮಧ್ಯ ಏಷ್ಯಾದ ವಿದ್ವಾಂಸ ಅಲ್ ಬಿರೂನಿ ಈ ಹಬ್ಬವನ್ನು ದಾಖಲಿಸಿದ್ದಾನೆ. ಅವನು ಕೊಡುವ ಕಾರಣ ಹೀಗಿದೆ. ಪಾತಾಳದಲ್ಲಿ ಸೆರೆಯಾಗಿರುವ ವಿರೋಚನನ ಮಗ ಬಲಿಯನ್ನು ವಾಸುದೇವನ ಹೆಂಡತಿ ಲಕ್ಷ್ಮಿ ವರ್ಷಕ್ಕೊಮ್ಮೆ ಈ ದಿನ ಬಿಡಿಸುತ್ತಾಳೆ, ಲೋಕಕ್ಕೆ ಬರಗೊಡುತ್ತಾಳೆ. ಅದಕ್ಕೇ ಈ ಹಬ್ಬಕ್ಕೆ ಬಲಿರಾಜ್ಯ ಅಂತ ಹೆಸರು. ಸಾವಿರ ವರ್ಷದ ಹಿಂದಿನ ಮಾತು! ಅಮಾವಾಸ್ಯೆಯ ಲಕ್ಷ್ಮಿ, ಪಾಡ್ಯದ ಬಲಿ ಎರಡು ಬೇರೆ ಬೇರೆ ಹಬ್ಬ ಅಂತ ನಾವು ಅಂದುಕೊಂಡಿದ್ದೇವೆ. ಆ ಕಾಲದಲ್ಲಿ ಅವು ಒಂದೇ ಕಥೆಯ ಎರಡು ತುದಿ. ಗಂಡ ಸೆರೆಗೆ ಹಾಕಿದವನನ್ನು ಹೆಂಡತಿ ಬಿಡಿಸಿ ಕಳಿಸುತ್ತಾಳೆ.

ತುಳುನಾಡಿನಲ್ಲಿ ದೀಪಾವಳಿಗೆ ಪರ್ಬ ಅನ್ನುತ್ತಾರೆ. ಅಂಗಳದಲ್ಲಿ ಹಾಲೆಮರದ ಕಂಬ ನೆಟ್ಟು, ಕಾಡುಹೂವಿನಿಂದ ಸಿಂಗರಿಸಿ, ಅದನ್ನೇ ಬಲೀಂದ್ರ ಅಂತ ಪೂಜಿಸುತ್ತಾರೆ. ಅಲ್ಲಿಯ ಹಾಡುಗಳಲ್ಲಿ ಬಲಿಯ ಕಥೆ ಬಹಳ ನೋವಿನದು. ನನ್ನ ರಾಜ್ಯಕ್ಕೆ ಮತ್ತೆ ಯಾವಾಗ ಬರಲಿ ಅಂತ ಬಲಿ ಕೇಳುತ್ತಾನೆ. ಕಲ್ಲು ಕಾಯಿ ಬಿಟ್ಟಾಗ ಬಾ, ಉಪ್ಪು ಕರ್ಪೂರವಾದಾಗ ಬಾ, ಉದ್ದು ಮದ್ದಳೆಯಾದಾಗ ಬಾ ಎಂಬ ಉತ್ತರ ಸಿಗುತ್ತದೆ. ಅಂದರೆ ಯಾವತ್ತೂ ಇಲ್ಲ. ಕೊನೆಗೆ ಉಳಿಯುವುದು ವರ್ಷಕ್ಕೊಮ್ಮೆಯ ಪರ್ಬ. ಆ ಮೂರು ದಿನ ಬಾ, ನಿನ್ನ ಜನರನ್ನು ನೋಡಿಕೊಂಡು ಹೋಗು. ಈ ಸಾಲುಗಳನ್ನು ಕೇಳಿದ ಮೇಲೆ ಗದ್ದೆಯ ಕೂಗು ಬರೀ ಸಂಭ್ರಮದ ಕೂಗಾಗಿ ಕೇಳಿಸುವುದಿಲ್ಲ. ನೀನು ಬಾರದೆ ನಮಗೆ ಆಗುವುದಿಲ್ಲ ಅಂತ ಯಾರೋ ಯಾರನ್ನೋ ಕರೆದ ಹಾಗಿರುತ್ತದೆ.

ಇದೇ ಬಲಿಯನ್ನು ಕೇರಳದವರು ಓಣಂಗೆ ಕರೆಯುತ್ತಾರೆ. ಮರಾಠಿ ಹೆಣ್ಣುಮಕ್ಕಳು ಇಡಾ ಪೀಡಾ ತೊಲಗಲಿ, ಬಲಿಯ ರಾಜ್ಯ ಬರಲಿ ಅಂತ ಹಾರೈಸುತ್ತಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಜ್ಯೋತಿಬಾ ಫುಲೆ ಬಲಿಯನ್ನು ರೈತರ ರಾಜ, ದುಡಿಯುವವರ ರಾಜ ಅಂತ ಎತ್ತಿ ಹಿಡಿದರು. ಉತ್ತರ ಭಾರತದಲ್ಲಿ ದೀಪ ಹಚ್ಚುವುದು ಅಯೋಧ್ಯೆಗೆ ಮರಳಿದ ರಾಮನಿಗೆ. ಬಂಗಾಳದಲ್ಲಿ ಕಾಳಿಗೆ. ಜೈನರಿಗೆ ಇದು ಮಹಾವೀರ ಪಾವಾಪುರಿಯಲ್ಲಿ ನಿರ್ವಾಣ ಹೊಂದಿದ ದಿನ. ಒಂದು ಹಣತೆಗೆ ಇಷ್ಟು ಕಥೆ.

ದನ, ಸಗಣಿ, ತಿಪ್ಪೆ

ಪಾಡ್ಯದ ಬೆಳಗ್ಗೆ ಮಲೆನಾಡಿನ ಕೊಟ್ಟಿಗೆಗೆ ಹೋಗಿ ನೋಡಬೇಕು. ಸಾಗರ, ಸಿರ್ಸಿ ಕಡೆ ದೀಪಾವಳಿಯನ್ನು ದೊಡ್ಡಹಬ್ಬ ಅಂತಲೇ ಕರೆಯುತ್ತಾರೆ. ದನಗಳ ಮೈ ತೊಳೆದು, ಕೋಡಿಗೆ ಕೆಮ್ಮಣ್ಣು ಹಚ್ಚಿ, ಲೋಟವನ್ನು ಬಣ್ಣದಲ್ಲಿ ಅದ್ದಿ ಮೈಮೇಲೆ ದುಂಡು ದುಂಡು ಮುದ್ರೆ ಒತ್ತುತ್ತಾರೆ. ಕೊರಳಿಗೆ ಅಡಿಕೆ ಸರ, ಸಿಂಗಾರ ಅನ್ನುವ ಅಡಿಕೆ ಹೂವು, ಚೆಂಡು ಹೂವು. ಕಡುಬನ್ನೋ ಹೋಳಿಗೆಯನ್ನೋ ಮನೆಯವರಿಗಿಂತ ಮೊದಲು ಅವಕ್ಕೆ ತಿನ್ನಿಸುತ್ತಾರೆ. ಆ ದಿನ ನೊಗ ಇಲ್ಲ, ಕೆಲಸ ಇಲ್ಲ.

ಹಾವೇರಿ, ಶಿಕಾರಿಪುರ, ಸೊರಬದ ಕಡೆ ಹಬ್ಬದ ಹೊತ್ತಿಗೆ ಹೋರಿ ಬೆದರಿಸುವ ಆಟ. ಹೋರಿಯ ಕೊರಳಿಗೆ ಕೊಬ್ಬರಿ ಸರ ಕಟ್ಟಿ ಓಡಿಸುತ್ತಾರೆ, ಹುಡುಗರು ಹರಿಯಲು ನುಗ್ಗುತ್ತಾರೆ. ಅಲ್ಲಿ ಒಂದೊಂದು ಹೋರಿಗೂ ಹೆಸರಿದೆ, ಅಭಿಮಾನಿಗಳಿದ್ದಾರೆ. ಈ ಆಟದಲ್ಲಿ ಜೀವ ಹೋದದ್ದೂ ಇದೆ. ನೋಡಲು ಹೋಗುವವರು ದಯವಿಟ್ಟು ಬೇಲಿಯ ಆಚೆಯೇ ನಿಲ್ಲಿ.

ಉತ್ತರ ಕರ್ನಾಟಕದ ಮನೆಗಳಲ್ಲಿ ನಡೆಯುವುದು ಇನ್ನೂ ಸೊಗಸು. ಅಲ್ಲಿ ಸಗಣಿಯೇ ದೇವರು. ಸಗಣಿಯಲ್ಲಿ ಪುಟ್ಟ ಪುಟ್ಟ ಗೋಪುರದಂತೆ ಮಾಡಿ ಪಾಂಡವರು ಅಂತ ಕರೆದು ಬಾಗಿಲ ಎರಡೂ ಕಡೆ ಇಡುತ್ತಾರೆ. ಅಂಗಳದಲ್ಲಿ ಹಟ್ಟೆವ್ವ, ಹಟ್ಟಿ ಲಕ್ಕವ್ವ. ಅದಕ್ಕೆ ಉತ್ತರಾಣಿ ಕಡ್ಡಿ, ಚೆಂಡು ಹೂವು ಚುಚ್ಚಿ, ಮೊಸರು ಹಚ್ಚಿ ಪೂಜೆ ಮಾಡುತ್ತಾರೆ. ಪೇಟೆಯವರಿಗೆ ಇದು ವಿಚಿತ್ರ ಅನ್ನಿಸಬಹುದು. ಹೊಲ ಇರುವವರಿಗೆ ಅನ್ನಿಸುವುದಿಲ್ಲ. ಸಗಣಿ ಗೊಬ್ಬರವಾಗುತ್ತದೆ, ಗೊಬ್ಬರ ಜೋಳವಾಗುತ್ತದೆ. ಹಿಂದಿನ ರಾತ್ರಿ ಪೆಟ್ಟಿಗೆಯ ಲಕ್ಷ್ಮಿಗೆ ಪೂಜೆ ಆಯಿತು. ಈಗ ಹಟ್ಟಿಯ ಲಕ್ಷ್ಮಿಗೆ.

ಅದಕ್ಕೇ ಹಳ್ಳಿಯಲ್ಲಿ ಆ ಸಂಜೆ ದೀಪ ಇಡುವ ಜಾಗಗಳನ್ನು ನೋಡಿದರೆ ಮನಸ್ಸು ತುಂಬುತ್ತದೆ. ತುಳಸಿ ಕಟ್ಟೆ, ಹೊಸ್ತಿಲು ಸರಿ. ಬಾವಿ ಕಟ್ಟೆಗೊಂದು. ಕೊಟ್ಟಿಗೆಗೊಂದು. ಕಣಕ್ಕೊಂದು. ನೇಗಿಲು ಒರಗಿಸಿಟ್ಟ ಮೂಲೆಗೊಂದು. ಹೊಲಕ್ಕೊಂದು. ಕೊನೆಗೆ ತಿಪ್ಪೆಗೂ ಒಂದು. ವರ್ಷವಿಡೀ ಯಾರೂ ಮುಖ ತಿರುಗಿಸಿ ನೋಡದ ಜಾಗ ಅದು.

ಬಾಗಿಲಿಗೆ ಬರುವ ಬೆಳಕು

ತೀರ್ಥಹಳ್ಳಿ, ಹೊಸನಗರ, ಸಾಗರದ ಹಳ್ಳಿಗಳಲ್ಲಿ ಪಾಡ್ಯದ ರಾತ್ರಿಯಿಂದ ಅಂಟಿಗೆ ಪಂಟಿಗೆಯವರು ಹೊರಡುತ್ತಾರೆ. ಊರ ದೇವಸ್ಥಾನದಲ್ಲಿ ದೀಪ ಹಚ್ಚಿಕೊಂಡು, ಅದು ಗಾಳಿಗೆ ಆರದ ಹಾಗೆ ಕಾಪಾಡಿಕೊಂಡು, ರಾತ್ರಿಯಿಡೀ ಹಾಡುತ್ತಾ ಮನೆಯಿಂದ ಮನೆಗೆ, ಊರಿಂದ ಊರಿಗೆ ನಡೆಯುತ್ತಾರೆ. ತೋಟದ ದಾರಿ, ಸಂಕ, ಕತ್ತಲು. ದೂರದಲ್ಲಿ ದನಿ ಕೇಳಿದ ಕೂಡಲೇ ಮನೆಯವರು ಏಳುತ್ತಾರೆ. ಮೊದಲು ಬಾಗಿಲು ತೆಗೆಯಿರಿ ಅಂತ ಹಾಡು. ಆಮೇಲೆ ಬಲೀಂದ್ರನ ಹಾಡು. ಮನೆಯವರು ಅವರು ತಂದ ದೀಪಕ್ಕೆ ಎಣ್ಣೆ ಎರೆಯುತ್ತಾರೆ. ಅದೇ ದೀಪದಿಂದ ತಮ್ಮ ಹಣತೆ ಹಚ್ಚಿಕೊಳ್ಳುತ್ತಾರೆ. ಅಕ್ಕಿ, ಕಾಯಿ, ದುಡ್ಡು ಕೊಟ್ಟು ಕಳಿಸುತ್ತಾರೆ.

ಇದರ ಲೆಕ್ಕ ನೋಡಿ. ಒಂದು ಮನೆಯ ಎಣ್ಣೆ ಮುಂದಿನ ಮನೆಗೆ ಬೆಳಕಾಗುತ್ತದೆ. ಹತ್ತನೇ ಮನೆಗೆ ಬರುವಾಗ ಆ ಹಣತೆಯಲ್ಲಿ ಒಂಬತ್ತು ಮನೆಯ ಎಣ್ಣೆ ಇರುತ್ತದೆ. ಯಾರ ಮನೆಯದು ಎಷ್ಟು ಅಂತ ಬೇರೆ ಮಾಡಲು ಆಗುವುದಿಲ್ಲ.

ಹದಿನೈದನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಇಟಲಿಯ ನಿಕೊಲೊ ಕೋಂಟಿ ಅಲ್ಲಿಯ ಒಂದು ಹಬ್ಬದಲ್ಲಿ ದೇವಸ್ಥಾನಗಳ ಒಳಗೂ ಮಾಡಿನ ಮೇಲೂ ಎಣಿಸಲಾಗದಷ್ಟು ಎಣ್ಣೆ ದೀಪಗಳು ಹಗಲೂ ರಾತ್ರಿ ಉರಿಯುತ್ತಿದ್ದವು ಅಂತ ಬರೆದಿದ್ದಾನೆ. ಅವನ ಕಣ್ಣಿಗೂ ಬಿದ್ದದ್ದು ದೀಪವೇ. ಪಟಾಕಿಯ ವಿಷಯ ಇಲ್ಲಿ ಹೇಳಲೇಬೇಕು. 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ದೀಪಾವಳಿಗೆ ರಾತ್ರಿ 8ರಿಂದ 10ರವರೆಗೆ, ಅದೂ ಹಸಿರು ಪಟಾಕಿಗೆ ಮಾತ್ರ ಅವಕಾಶ ಅಂತ ಹೇಳಿತು. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯಲ್ಲಿ ಪಟಾಕಿ ಮಳಿಗೆಗೆ ಬೆಂಕಿ ಬಿದ್ದು 14ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಹಬ್ಬದ ಸೀಸನ್ನಿನ ಕೂಲಿಗೆ ತಮಿಳುನಾಡಿನಿಂದ ಬಂದಿದ್ದ ಹುಡುಗರು. ಹಬ್ಬದ ವಾರ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ಮಕ್ಕಳನ್ನು ಎತ್ತಿಕೊಂಡು ಓಡುವ ಅಪ್ಪ ಅಮ್ಮಂದಿರು ಪ್ರತಿ ವರ್ಷ ಇದ್ದೇ ಇರುತ್ತಾರೆ. ಇಷ್ಟು ಗೊತ್ತಾದ ಮೇಲೆ ನನಗೆ ಸದ್ದು ಬೇಕು ಅನ್ನಿಸುವುದಿಲ್ಲ. ದನಕ್ಕೆ ಪೂಜೆ ಮಾಡಿದ ದಿನವೇ ದನ ಬೆದರುವ ಸದ್ದು ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಊರು ಇಲ್ಲದವರು, ಗದ್ದೆ ಇಲ್ಲದವರು ಏನು ಮಾಡಬೇಕು? ಹಬ್ಬದ ನಾಲ್ಕು ದಿನ ರಜೆ ಸಿಗುವುದಿಲ್ಲ ಅಂದರೆ ಪಾಡ್ಯದ ಒಂದು ಸಂಜೆ ಸಾಕು. ಗೆಳೆಯರದ್ದೋ ನೆಂಟರದ್ದೋ ಊರಿಗೆ ಹೋಗಿ. ಮಧ್ಯಾಹ್ನವೇ ತಲುಪಿ, ಸುಮ್ನೆ ನೋಡುತ್ತಾ ನಿಲ್ಲಬೇಡಿ, ಬತ್ತಿ ಹೊಸೆಯಲು ಕೂರಿ. ಪೂಜೆ ನಡೆಯುವಾಗ ಫೋನ್ ಒಳಗಿರಲಿ. ಅಪಾರ್ಟ್‌ಮೆಂಟಿನಲ್ಲೇ ಇರುವವರು ನೀರು ತುಂಬುವ ಹಬ್ಬದಿಂದ ಶುರು ಮಾಡಿ. ಒಂದು ಕೊಡ, ಒಂದು ಹೂವು ಸಾಕು. ಮಕ್ಕಳಿಗೆ ಬಲಿಯ ಕಥೆ ಹೇಳಿ. ಹೊಸ್ತಿಲಿಗೆ ದೀಪ ಇಟ್ಟ ಮೇಲೆ ಇನ್ನೊಂದು ಹಣತೆ ಕೈಗೆ ಕೊಟ್ಟು, ಇದನ್ನು ಯಾರಿಗೆ ಇಡೋಣ ಅಂತ ಕೇಳಿ. ನನ್ನ ಮಗಳು ಒಂದು ವರ್ಷ ನೀರಿನ ಟ್ಯಾಂಕಿನ ಹತ್ತಿರ ಇಡೋಣ ಅಂದಳು. ಇನ್ನೊಂದು ವರ್ಷ ಕಸದ ಗಾಡಿ ನಿಲ್ಲುವ ಜಾಗದಲ್ಲಿ. ತಿಪ್ಪೆಯ ವಿಷಯ ನಾನು ಅವಳಿಗೆ ಅಷ್ಟರವರೆಗೆ ಹೇಳಿರಲೇ ಇಲ್ಲ.

ಪಾಡ್ಯ ಕಳೆದ ಮೇಲೆ ಬಿದಿಗೆ. ಯಮ ತಂಗಿ ಯಮುನೆಯ ಮನೆಗೆ ಊಟಕ್ಕೆ ಹೋದ ದಿನ, ಅಣ್ಣ ತಮ್ಮಂದಿರು ಅಕ್ಕ ತಂಗಿಯರ ಮನೆಗೆ ಹೋಗುವ ದಿನ. ತ್ರಯೋದಶಿಯ ಸಂಜೆ ಹೊರಗೆ ದೀಪ ಇಟ್ಟು, ಬರಬೇಡಪ್ಪ ಅಂತ ಬೇಡಿಕೊಂಡ ಯಮನೇ ನಾಲ್ಕೈದು ದಿನದಲ್ಲಿ ನೆಂಟನಾಗಿ ಒಳಗೆ ಕೂತು ಉಣ್ಣುತ್ತಾನೆ.

ಅಷ್ಟರಲ್ಲಿ ಬಲೀಂದ್ರ ಹೊರಟಿರುತ್ತಾನೆ. ಗದ್ದೆಯಲ್ಲಿ ಊರಿದ ಕೋಲುಗಳು ಎಣ್ಣೆ ಮುಗಿದು, ತುದಿ ಸುಟ್ಟು, ಹಾಗೇ ನಿಂತಿರುತ್ತವೆ. ಯಾರೂ ಕೀಳುವುದಿಲ್ಲ. ಕೆಲವು ದಿನ ಕಳೆದು ಕೊಯ್ಲಿಗೆ ಇಳಿದಾಗ, ಭತ್ತದ ನಡುವೆ ಕತ್ತಿಗೆ ಟಕ್ ಅಂತ ಏನೋ ತಾಗುತ್ತದೆ. ಅಜ್ಜಯ್ಯ ಅದನ್ನು ಕಿತ್ತು, ಮಣ್ಣು ಒರೆಸಿ, ಅಂಚಿನ ಮೇಲೆ ಇಟ್ಟು, ಮತ್ತೆ ಬಗ್ಗಿ ಕೊಯ್ಯುತ್ತಿದ್ದರು.